ಎಲ್ಲಪ್ಪ ಮಾವನ ಎಡಗೈ

ನಾರಾಯಣಪೇಟೆಯ ನಮ್ಮ ಓಣಿಯ ಎಲ್ಲಪ್ಪ ಮಾವ ವರ್ಷವೆಲ್ಲ ಸೀರೆ ನೇಯುತ್ತಾರೆ. ಮದುವೆಯ ದಿನಗಳು ಬಂದರೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾರೆ. ಮುಂದಿನ ಸಾಲಿನ ನಡುವೆ ನಿಲ್ಲುವವರು ಅವರೇ. ಈ ಬೇಸಿಗೆಯಲ್ಲಿ ಆ ಜಾಗ ಕೈತಪ್ಪುವ ಹಾಗಿತ್ತು. ಮೆರವಣಿಗೆ ಅರ್ಧ ದಾರಿಗೆ ಬರುವಷ್ಟರಲ್ಲಿ ಅವರ ಮೇಲ್ದುಟಿ ಬಾತು ಜೋಮು ಹಿಡಿಯುತ್ತಿತ್ತು. ಎತ್ತರದ ಸ್ವರಕ್ಕೆ ಹೋದರೆ ಬರೀ ಗಾಳಿ ಬರುತ್ತಿತ್ತು. ಮಕ್ತಲ್‌ನ ಮದುವೆಯಲ್ಲಿ ಹಾಗೇ ಆಗಿ ಜನ ನಕ್ಕಿದ್ದರು.

“ಮುಂದಿನ ಗದ್ವಾಲದ ಮದುವ್ಯಾಗೂ ಹಿಂಗ ಆದ್ರ, ಹಿಂದಿನ ಸಾಲಿನ ಕೊಟ್ರೇಶನ್ನ ಮುಂದ ನಿಲ್ಲಸ್ತೀನಿ ನೋಡಪ್ಪಾ,” ಎಂದರು ಬ್ಯಾಂಡಿನ ಯಜಮಾನ ಕರಿಬಸಯ್ಯ.

ಅಂದಿನಿಂದ ಮಾವ ಕುಂತಲ್ಲಿ ಕೂರಲಿಲ್ಲ. ತುಟಿಗೆ ತುಪ್ಪ ಸವರಿದರು. ಮಗ್ಗದಿಂದ ಎದ್ದೆದ್ದು ಹೋಗಿ ಊದಿದರು. ಸ್ವರ ಏರದಿದ್ದರೆ ಇನ್ನಷ್ಟು ಒತ್ತಿ ಊದಿದರು. ತುಟಿಯ ಮೇಲೆ ಮೌತ್‌ಪೀಸಿನ ದುಂಡನೆಯ ಕೆಂಪು ಗುರುತು ಅಳಿಯುತ್ತಲೇ ಇರಲಿಲ್ಲ.

ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವರ ಹೆಂಡತಿ ಬಾಲಮ್ಮನಿಗೆ ಸಾಕಾಯಿತು. “ಅದೇನ್ ಟ್ರಂಪೆಟ್ಟೋ, ಮಗ್ಗದ ಹಲಗ್ಯೋ? ಎಡಗೈ ನೋಡ್ಕೋರಿ. ಹೊಕ್ಕು ಬಡಿಯೋವಂಗ ಎದಿ ಕಡೆ ಜಗ್ಗಾಕತ್ತೀರಿ.”

“ಬಿಗಿ ಇಲ್ಲಂದ್ರ ಧ್ವನಿ ಬರ್ತೈತೇನು?”

“ಬಿಗಿ ಸೀರಿಗೆ ಬೇಕು. ನಿಮ್ಮ ತುಟಿ ಏನು ಪ್ಯಾಟ್ಯಾಗ ಮಾರಾಕ ಐತೇನ್ರೀ?”

ಮಾವ ಎಡಗೈಯನ್ನೇ ನೋಡುತ್ತ ಊದಿದರು. ಹೌದು, ಸ್ವರ ಏರುವಾಗ ಆ ಕೈ ಮಗ್ಗದ ಹಲಗೆಯನ್ನು ಸೆಳೆದು ಹೊಕ್ಕಿನ ಅಡ್ಡ ಎಳೆ ಕೂಡಿಸುವ ಹಾಗೆ ತಾನಾಗಿಯೇ ಬಾಯಿಗೆ ಒತ್ತುತ್ತಿತ್ತು. ಚಿಕ್ಕಂದಿನಿಂದ ಬಂದ ರೂಢಿ. ಸಡಿಲ ಬಿಟ್ಟರೂ ಮತ್ತೆ ಬಿಗಿಯುತ್ತಿತ್ತು.

ಗದ್ವಾಲದಲ್ಲಿ ಬಿಸಿಲೇರಿತ್ತು. ವರ ಬಾಗಿಲಿಗೆ ಬಂದ ಮೇಲೆ ಹೆಣ್ಣಿನ ತಾಯಿ ಆರತಿ ತರುವ ತನಕ ಬ್ಯಾಂಡು ನಿಲ್ಲಬಾರದು. ಆ ತಾಯಿ ಬರಲೇ ಇಲ್ಲ. ಒಳಗೆ ಆರತಿ ತಟ್ಟೆ ಹುಡುಕುತ್ತಿದ್ದರಂತೆ. ಹಾಡು ಎತ್ತರದ ಸ್ವರಕ್ಕೆ ಬಂತು. ಎಡಗೈ ಬಿಗಿಯಿತು. ತುಟಿ ಚುರ್ರೆಂದಿತು. ಮಾವ ಬೆರಳು ಸಡಿಲಿಸಿ, ಟ್ರಂಪೆಟ್ಟನ್ನು ಅಂಗೈ ಮೇಲೆ ಸುಮ್ಮನೆ ಕೂರಿಸಿಕೊಂಡು, ಹೊಟ್ಟೆಯಿಂದ ಉಸಿರು ಬಿಟ್ಟರು.

ಸ್ವರ ಸಣ್ಣಗೆ ಬಂತು. ಒಡೆಯಲಿಲ್ಲ.

“ಜೋರು! ಜೋರು!” ಕರಿಬಸಯ್ಯ ಕೂಗಿದರು. ಕೊಟ್ರೇಶ ಟ್ರಂಪೆಟ್ ಎತ್ತಿಕೊಂಡು ಒಂದು ಹೆಜ್ಜೆ ಮುಂದೆ ಬಂದ. ಮಾವನ ಕೈ ಮತ್ತೆ ಎಳೆಯಲು ಹವಣಿಸಿತು. ಅವರು ಎಳೆಯಗೊಡಲಿಲ್ಲ. ಎರಡನೇ ಸಲ ಅದೇ ಸ್ವರ ತುಸು ತುಂಬಿಕೊಂಡು ಬಂತು. ಕೊಟ್ರೇಶ ಅಲ್ಲೇ ನಿಂತ.

ಕೊನೆಗೆ ಆರತಿ ಬಂತು. ಕರಿಬಸಯ್ಯ ಬೆವರು ಒರೆಸಿಕೊಳ್ಳುತ್ತ ಮಾವನ ಕಡೆ ತಿರುಗಿ, “ನಿಂತೀ ಯಾಕ? ಒಳಗ ಹೋಗೋ ಹಾಡು ಎತ್ತಪ್ಪಾ,” ಎಂದರು. ಕೊಟ್ರೇಶನನ್ನು ಮುಂದೆ ನಿಲ್ಲಿಸುವ ಮಾತು ಆಡಲಿಲ್ಲ.

ಮಾವ ತುಟಿ ಒದ್ದೆ ಮಾಡಿಕೊಂಡು, ಎಡಗೈಯನ್ನು ಒಮ್ಮೆ ಜಾಡಿಸಿ, ಹಾಡು ಎತ್ತಿದರು.