ಗಾಳಿ ಹೊರಳದ ದಿನ

ತಮಿಳುನಾಡಿನ ಗಡಿಯೊಳಗಿನ ಬೇರಿಕೆ ಸಂತೆಗೆ ಬರುವ ಊರುಗಳಲ್ಲೆಲ್ಲ ರಾಗಿ ತೂರುವುದರಲ್ಲಿ ರಾಮಲಕ್ಷ್ಮಮ್ಮನನ್ನು ಮೀರಿಸಿದವರಿರಲಿಲ್ಲ. ಗಾಳಿ ಬಂದಾಗ ತೂರಿಕೋ ಎಂದು ಗಾದೆ ಹೇಳುವವರಿಗೇನು, ಗಾಳಿ ಯಾವಾಗ ಬರುತ್ತದೆಂದು ಹೇಳುವವರು ಬೇಕಲ್ಲ! ಈಕೆ ಹೇಳುತ್ತಿದ್ದಳು. ಬೇಸಿಗೆಯ ಬಿರುಗಾಳಿಯ ಜಾತಕವೂ ಅವಳ ಬಾಯಲ್ಲೇ ಇತ್ತು. ಕರಿಬಂಡೆ ಗುಡ್ಡ ಮಧ್ಯಾಹ್ನದವರೆಗೆ ಕಾದು, ಅದರ ಹಿಂದೆ ಮೋಡ ಕಟ್ಟಿತೋ, ಗಾಳಿ ಹುಟ್ಟಿತೆಂದೇ ಲೆಕ್ಕ. ಕೆರೆ ಏರಿಯ ಗುಂಟ ಇಳಿದು, ನೀಲಗಿರಿ ತೋಪಿನ ಹತ್ತಿರ ಬಲಕ್ಕೆ ಹೊರಳಿ, ಗಡಿ ದಾಟಿ ಕರ್ನಾಟಕದ ಕಡೆ ಹೋಗುತ್ತದೆ. ನಲವತ್ತು ವರ್ಷ ಹಾಗೇ ಹೋಗಿತ್ತು. ಹುಲ್ಲಿನ ಮೆದೆ ಹಾಕುವವರೂ ಅವಳನ್ನು ಕೇಳಿಯೇ ಹಾಕುತ್ತಿದ್ದರು.

ಮಗ ಮುನಿಕೃಷ್ಣ ಹೊಸೂರಿನ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗುವವನು. ಗಾಳಿಯ ಆ ಲೆಕ್ಕವನ್ನೇ ನಂಬಿ ಅವನಿಗೆ ತೋಪಿನ ಹಿಂದೆ ಶೀಟಿನ ಮನೆ ಕಟ್ಟಿಸಿದಳು. ಆಮೇಲೆ, 2005ರಲ್ಲಿ, ನೀಲಗಿರಿ ಬಾವಿಯ ನೀರೆಲ್ಲ ಕುಡಿಯುತ್ತದೆಂದು ಹಟ ಹಿಡಿದು, ತಮ್ಮದೇ ತೋಪನ್ನು ಒಂದು ಮರ ಬಿಡದೆ ಕಡಿಸಿದಳು.

ಮರುವರ್ಷ ಭರಣಿ ಮಳೆಯ ಹೊತ್ತಿಗೆ ಒಂದು ಮಧ್ಯಾಹ್ನ ಕರಿಬಂಡೆಯ ಹಿಂದೆ ಮೋಡ ಎದ್ದಿತು. ಸೊಸೆ ಮಾಲಾಗೆ ದಿಗಿಲು. ಆರು ತಿಂಗಳ ಕೂಸನ್ನು ಎತ್ತಿಕೊಂಡು ಪಕ್ಕದ ಮುನಿಯಲ್ಲಪ್ಪನ ತಾರಸಿ ಮನೆಗೆ ಹೋಗುತ್ತೇನೆಂದಳು.

"ಸುಮ್ನೆ ಕೂತ್ಕೊಳೇ. ಗಾಳಿ ದಾರಿ ನಂಗೊತ್ತಿಲ್ವಾ? ಈ ಕಡೆ ಅದು ತಲೆ ಹಾಕಿ ಕೂಡ ಮಲಗಲ್ಲ."

ಹಾಗೆ ಗದರಿ, ಕೂಸನ್ನು ತಾನೇ ಜೋಲಿಗೆ ಹಾಕಿ, ಗಾಳಿ ಹೊರಳುವುದನ್ನು ನೋಡಲು ಕೆರೆ ಏರಿಗೆ ಹೋಗಿ ತೂಬಿನ ಕಲ್ಲಿನ ಮರೆಯಲ್ಲಿ ನಿಂತಳು. ಮಗನನ್ನು ಬಸ್ಸು ಹತ್ತಿಸುವಂತೆ ಪ್ರತಿವರ್ಷವೂ ಗಾಳಿಯನ್ನು ಹೀಗೆ ಕಳಿಸಿಕೊಡುತ್ತಿದ್ದಳು.

ಗಾಳಿ ಬಂತು. ಕೆಂಧೂಳು ಎಬ್ಬಿಸಿಕೊಂಡು ಅವಳು ಹೇಳಿದ ದಾರಿಯಲ್ಲೇ ಬಂತು. ತೋಪಿದ್ದ ಜಾಗ ಮುಟ್ಟಿತು. ಹೊರಳಲಿಲ್ಲ. ಬರಿಯ ಬೊಡ್ಡೆಗಳ ಮೇಲೆ ಹಾಯ್ದು ನೆಟ್ಟಗೆ ನುಗ್ಗಿತು. ಆಗ ಹೊಳೆಯಿತು ಅವಳಿಗೆ: ಇಷ್ಟು ವರ್ಷ ಗಾಳಿಯನ್ನು ಹೊರಳಿಸಿದ್ದು ಆ ಮರಗಳು. ಅಯ್ಯೋ ಪಾಪಿ, ಕಡಿಸಿದವಳು ಯಾರು! ಕಣ್ಣೆದುರಿಗೇ ಮನೆಯ ಶೀಟುಗಳು ಹಪ್ಪಳದ ಹಾಗೆ ಎದ್ದು ಹಾರಿದವು.

ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಗೋಡೆ ಕುಸಿದಿತ್ತು. ಜೋಲಿ ಕಟ್ಟಿದ್ದ ಸೀರೆಯ ತುದಿಯೊಂದು ಇಟ್ಟಿಗೆಗಳ ಸಂದಿಯಲ್ಲಿ ಕಾಣುತ್ತಿತ್ತು. ಬರಿಗೈಯಲ್ಲೇ ಇಟ್ಟಿಗೆ ಕಿತ್ತು ಎಸೆದಳು. ಉಗುರು ಕಿತ್ತು ರಕ್ತ ಬಂತು. ಕೊನೆಗೆ ಸೀರೆ ಪೂರ್ತಿ ಕೈಗೆ ಬಂತು. ಅದರೊಳಗೆ ಏನೂ ಇರಲಿಲ್ಲ.

"ಅತ್ತೆ," ಎಂದು ಹಿಂದಿನಿಂದ ಮಾಲಾ ಕರೆದಳು. ಸೊಂಟದಲ್ಲಿ ಕೂಸಿತ್ತು. ಗಾಳಿಗಿಂತ ಅತ್ತೆಗೇ ಹೆಚ್ಚು ಹೆದರಿದ್ದಳು. "ನೀನು ಅತ್ಲಾಗೆ ಹೋಗ್ತಿದ್ದಂಗೇ ಮುನಿಯಲ್ಲಪ್ಪಣ್ಣನ ಮನೇಗೆ ಹೋಗ್ಬುಟ್ಟೆ. ನಿನ್ ಮಾತು ಮೀರ್ದೆ. ತಪ್ಪಾಯ್ತು ಅತ್ತೆ."

ರಾಮಲಕ್ಷ್ಮಮ್ಮ ಕೂಸಿಗೆ ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡಳು.

ಆ ಸಲದ ಸುಗ್ಗಿಯಲ್ಲಿ, ಮೆದೆ ಎಲ್ಲಿ ಹಾಕಲಿ ಎಂದು ಕೇಳಲು ಮುನಿಯಲ್ಲಪ್ಪ ಕಣಕ್ಕೆ ಬಂದ. ರಾಮಲಕ್ಷ್ಮಮ್ಮ ತೂರುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ನನ್ನ ಕೇಳ್ಬೇಡಪ್ಪ," ಎಂದಳು. "ಮಾಲಾನ ಕೇಳು."