ನನ್ನ ತಪ್ಪಿಗೆ ಸಿದ್ದರಾಜು ಕೊಟ್ಟ ಮುಡಿ

ಸಿದ್ದರಾಜು, ನಮ್ಮ ವ್ಯಾನಿನ ಬ್ಯಾಟರಿ ಚಾರ್ಜ್ ಆಗದಂತೆ ಮಾಡುತ್ತಿದ್ದವಳು ನಾನು. ನಿನ್ನ ವೈರಿಂಗ್ ಕೆಟ್ಟಿರಲಿಲ್ಲ, ನಿನ್ನ ಆಣೆಯೂ ಸುಳ್ಳಾಗಿರಲಿಲ್ಲ — ವ್ಯಾನಿನ ಮೇಲೆ ಹತ್ತಿ, ಸೋಲಾರ್ ಪ್ಯಾನಲ್ಲಿನ ಅಡಿಯಲ್ಲಿದ್ದ ಜಾಯಿಂಟನ್ನು ಈ ಕೈಗಳಿಂದಲೇ ಸಡಿಲ ಮಾಡುತ್ತಿದ್ದೆ. ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು.

ಯಾಕೆ ಎಂದು ನೀನು ಕೇಳುತ್ತೀಯ. ಹೆದರಿಕೆ, ಇನ್ನೇನು. ನಮ್ಮ ಯಜಮಾನರು ಬಸ್ ಓಡಿಸುವ ಕೆಲಸ ಬಿಟ್ಟವರೇ ಹಳೆಯ ವ್ಯಾನ್ ಒಂದನ್ನು ಕೊಂಡು, ಕೊಳ್ಳೇಗಾಲದ ನಮ್ಮ ಮನೆ ಮುಂದೆಯೇ ಅದರೊಳಗೆ ಮಂಚ, ಒಲೆ, ಫ್ಯಾನು, ಪುಟ್ಟ ಫ್ರಿಜ್ಜು ಎಲ್ಲ ಕೂರಿಸಿದರು. ನಾವಿಬ್ಬರೇ ಹಿಮಾಲಯದವರೆಗೆ ಹೋಗಿ ಬರಬೇಕಂತೆ! ಅವರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ತಣ್ಣಗಿರಬೇಕು, ಅದಕ್ಕೆ ಫ್ರಿಜ್ಜು ಓಡಬೇಕು, ಫ್ರಿಜ್ಜಿಗೆ ಎಂಜಿನ್ನಿನದಲ್ಲದ ಬೇರೆ ಬ್ಯಾಟರಿ, ಅದು ನೀನು ಹಾಕಿಕೊಟ್ಟ ಸೋಲಾರಿನಿಂದ ತುಂಬಿರಬೇಕು. ಒಮ್ಮೆ ಯಳಂದೂರು ಬಸ್ ಸ್ಟ್ಯಾಂಡಿನಲ್ಲಿ ತಲೆ ತಿರುಗಿ ಕುಸಿದು ಕೂತಿದ್ದರು. ಹಾಗೆಯೇ ಭಾಷೆ ತಿಳಿಯದ ಯಾವುದೋ ಊರಿನ ರಸ್ತೆಯಲ್ಲಿ, ಗಾಡಿ ಓಡುತ್ತಿರುವಾಗಲೇ — ನನಗೆ ಸೈಕಲ್ಲೂ ಬಾರದು — ಯಾರನ್ನು ಕರೆಯಲಿ, ಏನೆಂದು ಕರೆಯಲಿ... ಹೇಳಿದರೆ ನಗುತ್ತಿದ್ದರು. "ಸುಮ್ಕೆ ಕೂತ್ಕೊ, ನಿಂಗೆ ಮಂಜಿನ್ ಬೆಟ್ಟ ತೋರುಸ್ತೀನಿ" ಎನ್ನುತ್ತಿದ್ದರು.

ಫ್ರಿಜ್ಜು ಓಡದಿದ್ದರೆ ಇವರು ಹೊರಡುವುದಿಲ್ಲ. ಈ ಹಾಳು ಉಪಾಯ ನನ್ನ ತಲೆಗೆ ಹೊಳೆದದ್ದು ಪ್ಯಾನಲ್ ಒರೆಸುವಾಗ. ಧೂಳು ಕೂತರೆ ಚಾರ್ಜ್ ಇಳಿಯುತ್ತದೆ, ದಿನಾ ಒರೆಸಿ ಎಂದು ಆ ಕೆಲಸ ಕಲಿಸಿದವನು ನೀನೇ. ಜಾಯಿಂಟು ಸೇರಿಸುವಾಗಲೂ ನಾನು ಪಕ್ಕದಲ್ಲೇ ಇದ್ದೆ. ತಳ್ಳಿದರೆ ಟಕ್ ಎಂದು ಕೂರುತ್ತದೆ, ಎರಡು ಕಡೆ ಒತ್ತಿ ಎಳೆದರೆ ಬಿಡುತ್ತದೆ. ಅರ್ಧ ಎಳೆದು ಬಿಟ್ಟರೆ ನೋಡಿದವರಿಗೆ ಸೇರಿಯೇ ಇದೆ ಅನ್ನಿಸುತ್ತದೆ.

ಬ್ಯಾಟರಿ ಮೊದಲ ಸಲ ಕೈಕೊಟ್ಟದ್ದು ಹೊನ್ನೂರಿನ ನನ್ನ ತಂಗಿಯ ಮನೆ ಮುಂದೆ. ಫೋನಿನಲ್ಲಿ ನೀನು, "ತೆಂಗಿನ್ ನೆಳ್ಳಲ್ ನಿಲ್ಸಿದ್ದೀರಾ ಸಾ? ಒಂದ್ ಪ್ಯಾನಲ್ ಮ್ಯಾಲೆ ನೆಳ್ಳು ಬಿದ್ರೂ ಎಲ್ಡೂ ಮಲಿಕತವೆ" ಎಂದೆ. ಬಿಸಿಲಿಗೆ ನಿಲ್ಲಿಸಿದರು. ಎಲ್ಲಿಂದ ಬರಬೇಕು ಚಾರ್ಜು? ಹನೂರಿನ ನಿನ್ನ ಅಂಗಡಿಗೆ ಹೊರಟರು. ನೀನು ಮೇಲೆ ಹತ್ತಿದರೆ ಸಿಕ್ಕಿಬೀಳುತ್ತೇನಲ್ಲ — ಹೊರಡುವ ಮುಂಚೆ ಒರೆಸುವ ಬಟ್ಟೆ ಹಿಡಿದು ಹತ್ತಿ, ಜಾಯಿಂಟನ್ನು ಗಟ್ಟಿಯಾಗಿ ಕೂರಿಸಿ ಇಳಿದೆ. ನಿನ್ನ ಅಂಗಡಿ ಮುಂದೆ ಎಲ್ಲ ಸರಿಯಾಗಿತ್ತು. ಮನೆಗೆ ಬಂದ ಮೇಲೆ ಮತ್ತೆ ಸಡಿಲಿಸಿದೆ.

ಹೀಗೆ ಎಷ್ಟು ಸಲ ನಿನ್ನನ್ನು ಆಟ ಆಡಿಸಿದೆ! ನೀನು ಫ್ಯೂಸು ತೆಗೆದು ನೋಡಿದೆ, ಬ್ಯಾಟರಿಯ ತುದಿಗಳನ್ನು ಉಜ್ಜಿದೆ, ಬಿಸಿಲಿನ ಕರೆಂಟನ್ನು ಬ್ಯಾಟರಿಗೆ ಅಳೆದು ಬಿಡುವ ಕಂಟ್ರೋಲರನ್ನೇ ಬದಲಾಯಿಸಿದೆ. ಪ್ರತಿ ಸಲ ನೀನು ಏಣಿಗೆ ಕಾಲಿಟ್ಟಾಗ ನನಗೆ ಒಂದೇ ಯೋಚನೆ — ಸರಿಯಾಗಿ ತಳ್ಳಿದ್ದೇನೋ ಇಲ್ಲವೋ, ನನ್ನ ಬೆರಳಿನ ಗುರುತು ಧೂಳಿನಲ್ಲಿ ಉಳಿದಿದೆಯೋ ಏನೋ...

ಕೊನೆಗೆ ಯಜಮಾನರ ತಾಳ್ಮೆ ಕೆಟ್ಟಿತು. ಹನೂರಿನ ನಡುಬೀದಿಯಲ್ಲಿ, ಅಜ್ಜೀಪುರದ ಬಸ್ಸಿಗೆ ಕಾಯುತ್ತಿದ್ದ ಜನರೆದುರಿಗೆ, ಕೆಲಸ ಬಾರದವನು ಅಂಗಡಿ ಯಾಕೆ ಇಟ್ಟೆ ಎಂದುಬಿಟ್ಟರು. ನಿನ್ನ ಮುಖ ಕೆಂಪಾಯಿತು. ನೀನು ಮಾದಪ್ಪನ ಬೆಟ್ಟದ ಕಡೆ ಕೈ ಎತ್ತಿದೆ.

"ಮಾದಪ್ಪನಾಣೆ ಸಾ, ನನ್ ಕೆಲ್ಸದಲ್ಲಿ ಒಂದ್ ಜಾಯಿಂಟೂ ಲೂಸಿಲ್ಲ!"

ನಮ್ಮ ಸೀಮೆಯಲ್ಲಿ ಆ ಹೆಸರಿನ ಮೇಲೆ ಯಾರೂ ಸುಮ್ಮನೆ ಆಣೆ ಮಾಡುವುದಿಲ್ಲ. ಅದು ನನಗೂ ಗೊತ್ತಿತ್ತು. ಆದರೂ ಮನೆಗೆ ಬಂದು ಏಣಿ ಹತ್ತಿದೆ. ಬೇಡ ಬೇಡ ಅನ್ನುತ್ತಲೇ — ಯಜಮಾನರು ಆಗಲೇ ಹೊರಡುವ ದಿನ ಗೊತ್ತು ಮಾಡಿಕೊಂಡಿದ್ದರು.

ಸತ್ತ ಬ್ಯಾಟರಿಯ ವ್ಯಾನ್ ಮತ್ತೆ ನಿನ್ನ ಅಂಗಡಿ ಮುಂದೆ ನಿಂತಾಗ ಪಕ್ಕದ ಟೀ ಅಂಗಡಿಯಲ್ಲಿ ಯಾರೋ, "ಮಾದಪ್ಪನ್ ಮ್ಯಾಲೆ ಸುಳ್ಳಾಣೆ ಮಾಡವ್ನೆ ಕಣ್ಲಾ" ಎಂದದ್ದು ನಿನಗೂ ಕೇಳಿಸಿತು, ನನಗೂ ಕೇಳಿಸಿತು. ನಾನು ಸೀಟಿನಲ್ಲಿ ಸೆರಗು ಹಿಡಿದು ಕೂತಿದ್ದೆ.

ಆಮೇಲೆ ಒಂದು ಬೆಳಿಗ್ಗೆ ನೀನಾಗಿಯೇ ನಮ್ಮ ಮನೆಗೆ ಬಂದೆ. ನುಣ್ಣಗೆ ಬೋಳಿಸಿದ ತಲೆ, ಹಣೆಯಲ್ಲಿ ವಿಭೂತಿ. ಬೆಟ್ಟಕ್ಕೆ ನಡೆದು ಹೋಗಿ ಮುಡಿ ಕೊಟ್ಟು, ತಪ್ಪು ಕಾಣಿಕೆ ಹಾಕಿ ಬಂದಿದ್ದೆ. "ಗೊತ್ತಿಲ್ದೆ ಸುಳ್ಳಾಣೆ ಮಾಡ್ಬುಟ್ಟೆ ಅಕ್ಕ. ಎಲ್ಲೋ ನನ್ ಕೈಯೇ ತಪ್ಪದೆ. ಇನ್ನೊಂದ್ ಕಿತ ನೋಡ್ತೀನಿ" ಎಂದೆ. ತಪ್ಪು ಮಾಡಿದವಳು ನಾನು, ತಲೆ ಬೋಳಿಸಿಕೊಂಡವನು ನೀನು. ನಿನ್ನನ್ನು ಒಳಗೆ ಕೂರಿಸಿ ಕಾಫಿ ಕೊಟ್ಟೆ.

ಆಗ ಹೇಳಬಹುದಾಗಿತ್ತು. ನೀನು ಕಾಫಿ ಕುಡಿಯುವಷ್ಟರಲ್ಲಿ ಬಟ್ಟೆ ಹಿಡಿದು ಮೇಲೆ ಹತ್ತಿ ಜಾಯಿಂಟನ್ನು ಕೂರಿಸಿಬಿಟ್ಟೆ. ನೀನು ಬಂದು ಕಂಟ್ರೋಲರ್ ನೋಡಿದೆ, ಅದರ ಚಾರ್ಜಿನ ದೀಪ ಹತ್ತಿತ್ತು. ನೀನು ಅಲ್ಲಿಯೇ ಕೈ ಮುಗಿದೆ — "ಮಾದಪ್ಪ ಕಣ್ಬುಟ್ಟ ಅಕ್ಕ!" ನಾನೂ ಕೈ ಮುಗಿದೆ. ಜಾಯಿಂಟು ಸಡಿಲಿಸಿದ್ದಕ್ಕಿಂತ ಆ ಕೈ ಮುಗಿದದ್ದು ನನಗೆ ಹೆಚ್ಚು ನಾಚಿಕೆ ತರುತ್ತದೆ.

ಅಂದಿನಿಂದ ಅದನ್ನು ಮುಟ್ಟಲಿಲ್ಲ. ಹಿಮಾಲಯಕ್ಕೆ ಹೋಗಿ ಬಂದೆವು. ದಾರಿಯುದ್ದಕ್ಕೂ ಜೀವ ಕೈಯಲ್ಲಿ ಹಿಡಿದಿದ್ದೆ. ಅವರಿಗೆ ಒಂದು ನೆಗಡಿಯೂ ಆಗಲಿಲ್ಲ.

ಇದನ್ನೆಲ್ಲ ಹೂತಿಟ್ಟುಕೊಂಡೇ ಇರುತ್ತಿದ್ದೆನೇನೋ. ಆದರೆ ಹೋದ ವಾರ ಹೊಸ ಬ್ಯಾಟರಿ ಹಾಕಿಸಲು ನಿನ್ನ ಅಂಗಡಿಗೆ ಬಂದಾಗ ನಿನ್ನನ್ನು ನೋಡಿದೆ. ಸೇರಿಸಿದ ಜಾಯಿಂಟನ್ನೇ ಬಿಚ್ಚಿ ಮತ್ತೆ ಸೇರಿಸುತ್ತೀಯ, ಇಳಿದವನು ಮತ್ತೆ ಹತ್ತುತ್ತೀಯ. ಗ್ಯಾರಂಟಿ ಕೇಳಿದವರಿಗೆ "ನನ್ ಕೈಯ ನಾ ನಂಬಕಿಲ್ಲ ಸಾ" ಎಂದು ನಗುತ್ತೀಯ. ಆ ನಗು ನನಗೆ ನೋಡಲಾಗಲಿಲ್ಲ. ಕೊನೆಗೆ ಮೇಲಿಂದ ನನ್ನನ್ನೇ ಕರೆದೆಯಲ್ಲ — "ಅಕ್ಕ, ಈ ಜಾಯಿಂಟು ಕೂತದಾ, ಒಸಿ ನೀವೇ ನೋಡಿ!" ಹತ್ತಿದೆ. ಅದೇ ಜಾಗ, ಅದೇ ಜಾಯಿಂಟು. "ಕೂತದೆ ಕಣಪ್ಪ" ಎಂದು ಹೇಳಿ ಇಳಿದು ಬಂದೆ.

ಯಜಮಾನರಿಗೆ ಇವತ್ತು ಹೇಳಿದೆ. ನಾಳೆ ಹನೂರಿಗೆ ಬರುತ್ತೇನೆ. ಆ ಟೀ ಅಂಗಡಿಯವರಿಗೂ ಕೇಳಿಸುವ ಹಾಗೆ ನಿನ್ನ ಬಾಗಿಲಲ್ಲಿ ನಿಂತು ಹೇಳುತ್ತೇನೆ. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ಅಲ್ಲಿಂದ ಬೆಟ್ಟಕ್ಕೆ ನಡೆಯುತ್ತೇನೆ, ನನ್ನ ಮುಡಿ ನಾನೇ ಕೊಟ್ಟು ಬರುತ್ತೇನೆ. ಅದರಿಂದ ನಿನಗೇನೂ ತಿರುಗಿ ಬರುವುದಿಲ್ಲ, ಗೊತ್ತು. ಇದೊಂದನ್ನು ಮಾತ್ರ ನಂಬು, ಸಿದ್ದರಾಜು — ನಿನ್ನ ಕೈ ಅವತ್ತೂ ತಪ್ಪಿರಲಿಲ್ಲ.