ಎಡಗೆನ್ನೆ, ಬಲಗೆನ್ನೆ ಮತ್ತು ಕೈತೆಗಿ ಮೇಡಂ

ಚರ್ಮರೋಗ ಚಿಕಿತ್ಸೆಯಲ್ಲಿ ಹೆಸರು ಮಾಡಿದವರು ಅನೇಕರಿದ್ದಾರೆ. ಅಪರೂಪದ ಕಾಯಿಲೆಗಳ ಬೆನ್ನು ಹತ್ತಿದವರಿದ್ದಾರೆ, ದಪ್ಪ ಪುಸ್ತಕ ಬರೆದವರಿದ್ದಾರೆ. ಆದರೆ ಯಾರೂ ಕಾಯಿಲೆಯೆಂದೇ ಒಪ್ಪದ ಮೊಡವೆಗೆ ತಮ್ಮ ಇಡೀ ವೃತ್ತಿಜೀವನವನ್ನು ಮೀಸಲಿಟ್ಟು, ಹದಿಹರೆಯದ ಮುಖಗಳಲ್ಲಿ ಗುಂಡಿ ಬೀಳದಂತೆ ಕಾದವರೆಂದರೆ, ನಾನು ಕಂಡಂತೆ, ನಮ್ಮ ಆಸ್ಪತ್ರೆಯಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ವೈದ್ಯೆಯೊಬ್ಬರೇ. ರೋಗಿಗಳಿಗೂ ದಾದಿಯರಿಗೂ ಅವರು ‘ಕೈತೆಗಿ ಮೇಡಂ’. ಎದುರು ಕೂತವರ ಬೆರಳು ಮುಖದ ಕಡೆ ಹೋದೊಡನೆ, ಬರೆಯುತ್ತಿದ್ದ ಚೀಟಿಯಿಂದ ತಲೆಯೆತ್ತದೆಯೇ ‘ಕೈ ತೆಗಿ’ ಎನ್ನುವುದು ಅವರ ಅಭ್ಯಾಸ. ಒಮ್ಮೆ ಸಭೆಯಲ್ಲಿ ಗಲ್ಲ ಕೆರೆದುಕೊಳ್ಳುತ್ತಿದ್ದ ನಿರ್ದೇಶಕರಿಗೂ ಹಾಗೆಂದುಬಿಟ್ಟಿದ್ದರು.

ಈ ಅಭಿನಂದನ ಗ್ರಂಥಕ್ಕೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಸಮಿತಿಯವರು ಕೇಳಿದ್ದಾರೆ. ಒಳ್ಳೆಯ ಮಾತಿಗೇನೂ ಬರವಿಲ್ಲ. ಆದರೆ ನಾನು ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅದರ ಕಾರಣವನ್ನು ಮುಚ್ಚಿಡುವುದೂ ಇಲ್ಲ. ಮೇಡಂ ಹೊರಟ ಮರುವಾರವೇ ಅವರ ಶನಿವಾರದ ಮೊಡವೆ ಚಿಕಿತ್ಸಾಲಯವನ್ನು ಮುಚ್ಚುತ್ತಾರಂತೆ, ಆ ಕೋಣೆಗೆ ಲೇಸರ್ ಯಂತ್ರ ಬರುತ್ತದಂತೆ. ಗುಂಡಿ ಬೀಳದಂತೆ ನೋಡಿಕೊಳ್ಳುವ ಕೋಣೆಗೆ ಬೀಗ ಹಾಕಿ, ಬಿದ್ದ ಗುಂಡಿಗಳನ್ನು ತುಂಬುವ ಅಂಗಡಿ ತೆರೆಯುವವರೇ ಮೇಡಂಗೆ ಗ್ರಂಥವನ್ನೂ ಅರ್ಪಿಸುತ್ತಾರೆ. ಮೈ ಉರಿಯದೆ ಇನ್ನೇನಾದೀತು?

ನಾನು ಆ ಕೋಣೆಗೆ ಮೊದಲು ಹೋದದ್ದು ರೋಗಿಯಾಗಿ. ಆಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಎಡಗೆನ್ನೆಯ ತುಂಬ ಮೊಡವೆ. ಬಲಗೆನ್ನೆಯಲ್ಲಿ ಆಗಷ್ಟೇ ಶುರುವಾಗಿತ್ತು. ಮನೆಗೆ ಬಂದವರೆಲ್ಲ ಮುಖ ನೋಡಿ ಒಂದೊಂದು ಮದ್ದು ಹೇಳುತ್ತಿದ್ದರು. ಚಿಕ್ಕಮ್ಮ ಬರೀ ಮಾತಿಗೆ ನಿಲ್ಲಲಿಲ್ಲ. ನನ್ನನ್ನು ಬಾಗಿಲ ಬಳಿ ಕೂರಿಸಿಕೊಂಡು, ಹೇರ್‌ಪಿನ್ನಿನಿಂದ ಎಡಗೆನ್ನೆಯ ಒಂದೊಂದನ್ನೇ ಚುಚ್ಚಿ ಹಿಸುಕಿದಳು. ಪ್ರೀತಿಯಿಂದಲೇ ಹಿಸುಕಿದಳು, ಕಷ್ಟ ಇರುವುದೇ ಅಲ್ಲಿ. ಬೀದಿ ಮೂಲೆಯ ಔಷಧದಂಗಡಿಯವನು ಚೀಟಿ ಕೇಳದೆ ಒಂದು ಬಿಳಿ ಟ್ಯೂಬು ಕೊಟ್ಟ. ಹಚ್ಚಿದಷ್ಟು ದಿನ ಮುಖ ಹೊಳೆಯಿತು. ಬಿಟ್ಟ ಕೂಡಲೇ ಮೊದಲಿಗಿಂತ ಜೋರಾಗಿ ಕೆರಳಿತು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಇವತ್ತಿಗೂ ಅಂಥ ಟ್ಯೂಬುಗಳು ಬಿಸ್ಕತ್ತಿನ ಪೊಟ್ಟಣದಷ್ಟೇ ಸಲೀಸಾಗಿ ಸಿಗುತ್ತವೆ. ಕೇಳುವವರಿಲ್ಲ, ಹೇಳುವವರಿಲ್ಲ.

ಮೇಡಂ ಕೋಣೆಯಲ್ಲಿ ಕನ್ನಡಿ ಇರಲಿಲ್ಲ. ಕಿಟಕಿಗೆ ಪಕ್ಕವಾಗಿ ಒಂದು ಕುರ್ಚಿ ಇತ್ತು. ಅಡ್ಡಬೆಳಕಿನಲ್ಲಿ ಮಾತ್ರ ಗುಂಡಿ, ಗಂಟುಗಳ ನೆರಳು ಕಾಣುತ್ತದೆ, ನೆತ್ತಿಯ ಮೇಲಿನ ದೀಪ ಎಲ್ಲವನ್ನೂ ಮರೆಮಾಚುತ್ತದೆ ಎಂಬುದು ಅವರ ಮತ. ನೋಡಿಯಾದ ಮೇಲೆ ಕಣ್ಣು ಮುಚ್ಚಿ ಬೆರಳ ತುದಿಯಿಂದ ಕೆನ್ನೆಯನ್ನು ತಡವುತ್ತಿದ್ದರು. ಮೇಲೆ ಕಾಣದ ಗಂಟೇ ಮುಂದೆ ಗುಂಡಿ ಬೀಳಿಸುವುದು. ಅವತ್ತು ಅಮ್ಮ, ವಯಸ್ಸಿಗೆ ಬಂದಾಗ ಎಲ್ಲರಿಗೂ ಬರುವುದೇ ಅಲ್ಲವೇ, ತಾನಾಗಿ ಹೋಗುತ್ತದಲ್ಲವೇ ಎಂದು ಕೇಳಿದಳು. ಮೇಡಂ ಬೈಯಲಿಲ್ಲ. ಅಮ್ಮನ ಬೆರಳು ಹಿಡಿದು ನನ್ನ ಬಲಗೆನ್ನೆಯ ಮೇಲಿಟ್ಟು, ಚರ್ಮದಡಿಯ ಗಂಟು ಅವಳಿಗೆ ಸಿಗುವ ತನಕ ಕಾದರು.

“ಮೊಡವೆ ಹೋಗುತ್ತಮ್ಮ, ನೀವು ಹೇಳೋದು ಸರಿ. ಗುಂಡಿ ಹೋಗಲ್ಲ. ಎಡಗಡೆ ತಡ ಆಯ್ತು. ಬಲಗಡೆ ನನಗೆ ಬಿಡಿ.”

ಅಮ್ಮ ಅಲ್ಲೇ ಕೂತು ಅತ್ತಳು.

ಅವರ ಚಿಕಿತ್ಸೆಯಲ್ಲಿ ಮಾಯಮಂತ್ರವೇನೂ ಇರಲಿಲ್ಲ. ರಾತ್ರಿ ಬಟಾಣಿ ಕಾಳಿನಷ್ಟು ಮುಲಾಮು, ಅದೂ ಮೊಡವೆಯ ಮೇಲಷ್ಟೇ ಅಲ್ಲ, ಮುಖಕ್ಕೆಲ್ಲ ತೆಳುವಾಗಿ. ಹಗಲು ಬಿಸಿಲಿಗೆ ಹಚ್ಚುವ ಕ್ರೀಮು. ಗಂಟುಗಳಿಗೆ, ರಕ್ತಪರೀಕ್ಷೆ ಮಾಡಿಸಿದ ಮೇಲೆ, ಮಾತ್ರೆ. ಉಜ್ಜಿ ತೊಳೆಯುವಂತಿಲ್ಲ, ಚಿವುಟುವಂತಿಲ್ಲ. ಮೊದಮೊದಲು ಚರ್ಮ ಸುಲಿದು ಉರಿಯುತ್ತದೆ, ಜನ ಕೈಬಿಡುವುದು ಆಗಲೇ, ಒಂದೆರಡು ತಿಂಗಳು ನನ್ನನ್ನು ಬೈದುಕೊಂಡಾದರೂ ಹಚ್ಚು ಎಂದಿದ್ದರು. ಮನಸಾರೆ ಬೈದುಕೊಂಡೇ ಹಚ್ಚಿದೆ. ಚಳಿಗಾಲ ಮುಗಿಯುವ ಹೊತ್ತಿಗೆ ಬಲಗೆನ್ನೆ ತಿಳಿಯಾಯಿತು. ಎಡಗೆನ್ನೆಯ ಮೊಡವೆಯೂ ಹೋಯಿತು, ಗುಂಡಿಗಳು ಉಳಿದವು.

ಮುಂದೆ ಮೇಡಂ ಅವರದೇ ಚರ್ಮರೋಗ ವಿಭಾಗಕ್ಕೆ ವೈದ್ಯಕೀಯ ವಿದ್ಯಾರ್ಥಿನಿಯಾಗಿ ಸೇರಿದಾಗ, ಗೋಡೆಗೆ ಸುಣ್ಣ ಬಳಿದ ಹಾಗೆ ಎಡಗೆನ್ನೆಗೆ ಪೌಡರು ಮೆತ್ತಿಕೊಂಡು ಬರುತ್ತಿದ್ದೆ. ಮೇಡಂ ಆ ಬಗ್ಗೆ ತುಟಿಪಿಟಕ್ಕೆನ್ನಲಿಲ್ಲ. ಒಂದು ಶನಿವಾರ ಹುಡುಗಿಯೊಬ್ಬಳು ಕಿಟಕಿಯ ಕುರ್ಚಿಯಲ್ಲಿ ಕೂತು, ಮುಲಾಮು ಉರಿಯುತ್ತದೆ, ಇನ್ನು ಹಚ್ಚುವುದಿಲ್ಲ, ಬರುವುದೂ ಇಲ್ಲ ಎಂದು ಹಟ ಹಿಡಿದಳು. ಮೇಡಂ ನನ್ನನ್ನು ಹೊರಗೆ ಕರೆದು ಮೆಲ್ಲಗೆ ಕೇಳಿದರು: “ನಿನ್ನ ಮುಖ ಅವಳಿಗೆ ತೋರಿಸ್ತೀಯಾ? ಇಷ್ಟ ಇಲ್ಲದಿದ್ದರೆ ಬೇಡ, ನಾನೇನೂ ಅಂದ್ಕೊಳ್ಳಲ್ಲ.”

ನಲ್ಲಿಯಲ್ಲಿ ಮುಖ ತೊಳೆದು ಬಂದೆ. ಹುಡುಗಿ ನನ್ನ ಎರಡೂ ಕೆನ್ನೆಗಳನ್ನು ಮುಟ್ಟಿ ನೋಡಿದಳು. ಮುಂದಿನ ಸಲ ತಪ್ಪದೆ ಬಂದಳು. ನಾನು ಅಂದಿಗೇ ಪೌಡರು ಬಿಟ್ಟೆ. ಓದು ಮುಗಿಸಿ ಅಲ್ಲೇ ವೈದ್ಯೆಯಾದ ಮೇಲೆ, ಔಷಧ ಬಿಡುತ್ತೇನೆಂದವರಿಗೆಲ್ಲ ನನ್ನ ಮುಖ ತೋರಿಸುವುದು ಆ ಕೋಣೆಯ ಪದ್ಧತಿಯೇ ಆಗಿಹೋಯಿತು.

ಇಷ್ಟಕ್ಕೆಲ್ಲ ಆಡಳಿತ ಕೊಟ್ಟ ಬೆಲೆಯೇನು? ಇದು ಸೌಂದರ್ಯದ ವಿಚಾರ, ಕಾಯಿಲೆಯಲ್ಲ ಎಂದು ವರ್ಷವರ್ಷವೂ ಮೂಗು ಮುರಿದರು. ಒಮ್ಮೆಯಂತೂ ಆ ಕಿಟಕಿಗೆ ಹಲಗೆ ಬಡಿದು, ನುಣುಪು ಮುಖದ ಹೆಂಗಸೊಬ್ಬಳ ಜಾಹೀರಾತು ಅಂಟಿಸಿದರು. ಮೇಡಂ ಸ್ಟೂಲು ಹತ್ತಿ ತಾವೇ ಅದನ್ನು ಕಿತ್ತೆಸೆದರು. ಈಗ ಕೋಣೆ ಮುಚ್ಚುವುದೇಕೆಂದು ನಾನು ಕೇಳಿದರೆ ನಿರ್ದೇಶಕರು ನಗುತ್ತ, ಲೇಸರ್‌ಗೆ ಈಗಲೇ ಜನ ಕಾಯುತ್ತಿದ್ದಾರೆ ಎನ್ನುತ್ತಾರೆ. ಕಾಯದೆ ಏನು ಮಾಡುತ್ತಾರೆ? ಹದಿಹರೆಯದಲ್ಲಿ ಅವರನ್ನೆಲ್ಲ ‘ತಾನಾಗಿ ಹೋಗುತ್ತೆ’ ಎಂದು ಬಾಗಿಲಿನಿಂದಲೇ ವಾಪಸು ಕಳಿಸಿದವರು ಯಾರು?

ಇನ್ನು ಸಮಿತಿಯ ಘನಕಾರ್ಯ. ಲೇಖನದ ಜೊತೆ ಹಾಕಲು ನನ್ನ ಫೋಟೊ ಕೇಳಿದ್ದರು, ಕಳಿಸಿದ್ದೆ. ಕರಡು ಪುಟ ಬಂದಾಗ ನೋಡುತ್ತೇನೆ, ನನ್ನ ಎಡಗೆನ್ನೆ ಬಲಗೆನ್ನೆಯಷ್ಟೇ ನುಣುಪಾಗಿದೆ. ಫೋನು ಮಾಡಿದರೆ ಕಾರ್ಯದರ್ಶಿಗಳು, “ಸ್ವಲ್ಪ ನೀಟಾಗಿ ಕಾಣ್ಲಿ ಅಂತ ಸರಿ ಮಾಡಿಸಿದ್ವಿ ಡಾಕ್ಟ್ರೇ, ನಿಮಗೆ ಖುಷಿ ಆಗುತ್ತೆ ಅಂದ್ಕೊಂಡ್ವಿ” ಎಂದರು. ಚರ್ಮವೈದ್ಯೆಯೊಬ್ಬರ ಗೌರವಕ್ಕೆಂದು ತರುವ ಪುಸ್ತಕದಲ್ಲಿ ಈ ಕೆಲಸ. ಎರಡೂ ಕೆನ್ನೆ ಒಂದೇ ಥರ ಆಗಿಬಿಟ್ಟರೆ ಮೇಡಂ ಮಾಡಿದ್ದೇನೆಂದು ಯಾರಿಗೆ ತಿಳಿಯಬೇಕು?

ಮೇಡಂ ಆರೋಗ್ಯವಾಗಿ, ಸಿಟ್ಟು ಒಂದಿಷ್ಟೂ ಕುಂದದೆ, ನೂರು ವರ್ಷ ಬಾಳಲಿ. ವಿಶ್ರಾಂತಿ ಪಡೆಯಲಿ ಎಂದು ಮಾತ್ರ ನಾನು ಹಾರೈಸುವುದಿಲ್ಲ. ಕೋಣೆಗೆ ಬೀಗ ಬೀಳುವ ಮುನ್ನವೇ ಆ ಕಿಟಕಿಯ ಕುರ್ಚಿಯನ್ನು ಹೊರಗೆ ತಂದಿಟ್ಟುಕೊಂಡು, ಶನಿವಾರ ಬೆಳಗ್ಗೆ ವರಾಂಡಕ್ಕೆ ಎಳೆದು ಹಾಕುತ್ತೇನೆ. ಅಲ್ಲಿಯೂ ಅಡ್ಡಬೆಳಕು ಚೆನ್ನಾಗಿಯೇ ಬೀಳುತ್ತದೆ. ಬರುತ್ತೇನೆಂದು ಮೇಡಂ ಹೇಳಿದ್ದಾರೆ. ಸಮಿತಿಯವರಲ್ಲಿ ನನ್ನದು ಒಂದೇ ವಿನಂತಿ: ಫೋಟೊವನ್ನು ಇದ್ದ ಹಾಗೇ ಅಚ್ಚು ಹಾಕಿಸಿ. ಎಡಗೆನ್ನೆ ತಡವಾದದ್ದು, ಬಲಗೆನ್ನೆ ಅವರು ಉಳಿಸಿಕೊಟ್ಟದ್ದು. ನನ್ನ ಮುಖದ ಮೇಲಿಂದ ಕೈ ತೆಗೀರಿ.